ಒಂದು ಖಂಡಕ್ಕೆ ಟೋಪಿ ಹಾಕುವ ಶಾಸ್ತ್ರೋಕ್ತ ವಿಧಾನ

ಉತ್ತರ ಅಮೆರಿಕದ ಚರಿತ್ರೆ ಬರೆದವರು ಸಾಹಸ, ಸ್ವಾತಂತ್ರ್ಯ, ಧರ್ಮಪ್ರಸಾರ ಎಂದೆಲ್ಲ ಸಂಪುಟಗಟ್ಟಲೆ ಬರೆದಿದ್ದಾರೆ. ಅಷ್ಟು ಕಾಗದ ಖರ್ಚು ಮಾಡಬೇಕಿರಲಿಲ್ಲ. ಹದಿನೇಳನೆಯ ಶತಮಾನದ ಐರೋಪ್ಯ ಗಂಡಸಿನ ತಲೆಯ ಮೇಲೆ ಏನಿತ್ತು ಎಂದು ನೋಡಿದ್ದರೆ ಸಾಕಿತ್ತು. ತಲೆಯ ಒಳಗೆ ಏನಿತ್ತು ಎಂಬ ಪ್ರಶ್ನೆ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ತುಪ್ಪಳದ ವ್ಯಾಪಾರದ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಲು ಇವನ್ಯಾರು ಎಂದು ಕೆಲವರು ಹುಬ್ಬೇರಿಸಬಹುದು. ನನ್ನ ಅರ್ಹತೆಗಳನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬೀವರ್ ಪ್ರಾಣಿಯನ್ನು ನೋಡಿಲ್ಲ. ಹಡ್ಸನ್ ಕೊಲ್ಲಿಯ ಹತ್ತಿರ ಸುಳಿದಿಲ್ಲ. ಹಿಮದಲ್ಲಿ ಒಂದು ಫರ್ಲಾಂಗ್ ನಡೆದವನಲ್ಲ. ಈ ವ್ಯಾಪಾರವನ್ನು ಲಂಡನ್ನಿನಲ್ಲಿ ಕೂತು ನಡೆಸಿದ ಮಹನೀಯರ ಅರ್ಹತೆಯೂ ಹೆಚ್ಚುಕಡಿಮೆ ಇಷ್ಟೇ ಆಗಿತ್ತು. ಆದ್ದರಿಂದ ನಾನು ಪರಂಪರೆಯ ಒಳಗೇ ಇದ್ದೇನೆ. ಕಣ್ಣಾರೆ ನೋಡಿದವರಿಗೆ ಪಕ್ಷಪಾತ ಅಂಟಿಕೊಳ್ಳುತ್ತದೆ.

ಮೊದಲು ಪ್ರಾಣಿ. ಬೀವರ್ ಎಂದರೆ ನಮ್ಮ ತುಂಗಭದ್ರೆಯ ನೀರುನಾಯಿ ಇರಬೇಕು ಎಂದು ತಿಳಿದವರಿದ್ದಾರೆ. ಅಲ್ಲ. ನೀರುನಾಯಿ ಮೀನು ಹಿಡಿದು ತಿನ್ನುತ್ತದೆ. ಬೀವರ್ ಇಲಿ, ಅಳಿಲುಗಳ ಬಳಗದ ಶುದ್ಧ ಸಸ್ಯಾಹಾರಿ. ತೂಕ ಇಪ್ಪತ್ತು ಕಿಲೋ ಆಸುಪಾಸು, ಬಾಲ ಚಪ್ಪಟೆ, ಹಲ್ಲು ಕಿತ್ತಳೆ ಬಣ್ಣ. ಮರ ಕಡಿದು, ಕೆಸರು ಮೆತ್ತಿ, ತೊರೆಗೆ ಅಡ್ಡಲಾಗಿ ಕಟ್ಟೆ ಕಟ್ಟುತ್ತದೆ. ಟೆಂಡರ್ ಕರೆಯುವುದಿಲ್ಲ, ಅಂದಾಜು ಪಟ್ಟಿಯನ್ನು ಪರಿಷ್ಕರಿಸುವುದಿಲ್ಲ, ಶಂಕುಸ್ಥಾಪನೆಗೆ ಯಾರನ್ನೂ ಕಾಯುವುದಿಲ್ಲ. ಇಷ್ಟೆಲ್ಲ ಗುಣವಿದ್ದರೂ ಯುರೋಪಿಗೆ ಕಂಡದ್ದು ಅದರ ಮೈಮೇಲಿನ ಕೂದಲು ಮಾತ್ರ.

ಆ ಕೂದಲಿನಲ್ಲಿ ಎರಡು ಪದರ. ಮೇಲೆ ಉದ್ದನೆಯ ಒರಟು ಕೂದಲು, ಅಡಿಯಲ್ಲಿ ದಟ್ಟವಾದ ನವಿರು ಉಣ್ಣೆ. ಅಡಿಯ ಉಣ್ಣೆಯ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿವೆ. ಒದ್ದೆ ಮಾಡಿ, ಬಿಸಿ ತಾಗಿಸಿ, ತಿಕ್ಕಿ ಒತ್ತಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು, ನೂಲದೆ ನೇಯದೆ ಗಟ್ಟಿ ಫೆಲ್ಟ್ ಆಗುತ್ತದೆ. ಅದರಿಂದ ಮಾಡಿದ ಟೋಪಿ ಮಳೆಯಲ್ಲಿ ನೆನೆದರೂ ಆಕಾರ ಬಿಡುವುದಿಲ್ಲ. ಯುರೋಪಿನಲ್ಲೂ ಬೀವರ್ ಇದ್ದವು. ಅವನ್ನು ಹಿಡಿದು ಹಿಡಿದು ಪಶ್ಚಿಮದ ತೊರೆಗಳು ಹೆಚ್ಚುಕಡಿಮೆ ಬರಿದಾಗಿದ್ದವು. ಆ ಹೊತ್ತಿಗೆ ಸರಿಯಾಗಿ, 1638ರಲ್ಲಿ, ಇಂಗ್ಲೆಂಡಿನ ಒಂದನೆಯ ಚಾರ್ಲ್ಸ್ ದೊರೆ ಬೀವರ್ ಟೋಪಿಗೆ ಬೀವರಿನ ಉಣ್ಣೆಯಲ್ಲದೆ ಬೇರೇನೂ ಬೆರೆಸಕೂಡದು ಎಂದು ಆಜ್ಞೆ ಹೊರಡಿಸಿದ. ಹನ್ನೊಂದು ವರ್ಷದ ನಂತರ ಅವನು ಟೋಪಿ ಇಡುವ ಜಾಗವನ್ನೇ ಕಳೆದುಕೊಂಡ. ಈ ಎರಡು ಘಟನೆಗಳಿಗೆ ಸಂಬಂಧವಿಲ್ಲ ಎಂದು ವಿದ್ವಾಂಸರು ಹೇಳುತ್ತಾರೆ. ಗಿರಾಕಿಗಳ ಉತ್ಸಾಹವಂತೂ ಕುಗ್ಗಲಿಲ್ಲ. 1661ರಲ್ಲಿ ಸಾಮ್ಯುಯೆಲ್ ಪೀಪ್ಸ್ ಒಂದು ಬೀವರ್ ಟೋಪಿಗೆ 4 ಪೌಂಡ್ 5 ಶಿಲ್ಲಿಂಗ್ ತೆತ್ತದ್ದನ್ನು ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಎಳೆಗಳು ಬೇಗ ಹೆಣೆದುಕೊಳ್ಳಲೆಂದು ಮುಂದೆ ಪಾದರಸದ ದ್ರಾವಣ ಸವರುವ ಉಪಾಯವೂ ಬಂತು. ಟೋಪಿ ಮಾಡುವವರ ಕೈ ನಡುಗಿತು, ಮಾತು ತೊದಲಿತು, ಚಿತ್ತ ಕೆಟ್ಟಿತು. ಟೋಪಿಯ ಆಕಾರ ಕೆಡಲಿಲ್ಲ. ನಮ್ಮ ಶಾಸ್ತ್ರದಲ್ಲಿ ಗುಣಮಟ್ಟ ಅಳೆಯುವುದು ಟೋಪಿಯಲ್ಲಿ.

ಬೀವರ್ ಚರ್ಮದಲ್ಲಿ ಎರಡು ದರ್ಜೆ. ಒಂದು, ಸುಲಿದು ಒಣಗಿಸಿದ ಹೊಸ ಚರ್ಮ. ಇನ್ನೊಂದು, ಹೊದ್ದು ಸವೆಸಿದ ಹಳೆ ಚರ್ಮ. ಉತ್ತರದ ಕಾಡುಗಳ ಜನ ಐದಾರು ಚರ್ಮಗಳನ್ನು ಜೋಡಿಸಿ ಹೊಲಿದು, ಕೂದಲು ಒಳಮೈಗೆ ತಾಗುವಂತೆ ಹೊದ್ದು ಚಳಿಗಾಲ ಕಳೆಯುತ್ತಿದ್ದರು. ಬೆವರಿಗೆ, ಮೈಯ ಜಿಡ್ಡಿಗೆ, ತಿಕ್ಕಾಟಕ್ಕೆ ಒರಟು ಕೂದಲು ಉದುರಿ ಅಡಿಯ ಉಣ್ಣೆ ಮಾತ್ರ ಮೆತ್ತಗೆ ಉಳಿಯುತ್ತಿತ್ತು. ಟೋಪಿಯವನಿಗೆ ಬೇಕಾದದ್ದು ಅದೇ. ಆದ್ದರಿಂದ ಪ್ಯಾರಿಸ್ಸಿನ ವ್ಯಾಪಾರಿ ಹೊಸ ಮಾಲಿಗಿಂತ ಹಳೆ ಬಟ್ಟೆಗೆ ಹೆಚ್ಚು ಬೆಲೆ ಕೊಡುತ್ತಿದ್ದ. ಫ್ರಾನ್ಸಿನ ಸಭ್ಯ ಗೃಹಸ್ಥ ಯಾರದೋ ಒಂದೂವರೆ ವರ್ಷದ ಬೆವರನ್ನು ತಲೆಯ ಮೇಲೆ ಇಟ್ಟುಕೊಂಡು, ಬೆವರು ಸುರಿಸಿದವನನ್ನು ಅನಾಗರಿಕ ಎಂದು ಕರೆಯುತ್ತಿದ್ದ. ಹೊಸ ಚರ್ಮದಿಂದ ಒರಟು ಕೂದಲನ್ನು ಬಾಚಿ ಬೇರ್ಪಡಿಸುವ ವಿದ್ಯೆ ಆಗ ರಷ್ಯನ್ನರಿಗೆ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ಚರ್ಮ ಅಟ್ಲಾಂಟಿಕ್ ದಾಟಿ, ಯುರೋಪನ್ನು ಸುತ್ತಿ, ಆರ್ಖಾಂಗೆಲ್ಸ್ಕ್ ಬಂದರು ತಲುಪಿ, ಉಣ್ಣೆಯಾಗಿ ಮತ್ತೆ ಪಶ್ಚಿಮಕ್ಕೆ ಬರುತ್ತಿತ್ತು. ಬೀವರ್ ಜೀವಮಾನದಲ್ಲಿ ತನ್ನ ತೊರೆಯಿಂದ ಹೆಚ್ಚು ದೂರ ಹೋಗುವ ಪ್ರಾಣಿಯಲ್ಲ.

1634ರಲ್ಲಿ ಪಾಲ್ ಲ ಜ್ಯೂನ್ ಎಂಬ ಜೆಸ್ಯೂಟ್ ಪಾದ್ರಿ ತನ್ನ ವರದಿಯಲ್ಲಿ ಒಂದು ಮಾತು ದಾಖಲಿಸಿದ್ದಾನೆ. ಸೇಂಟ್ ಲಾರೆನ್ಸ್ ಕಡೆಯ ಕಾಡಿನಲ್ಲಿ ಅವನಿಗೆ ಆಶ್ರಯ ಕೊಟ್ಟಿದ್ದ ಮೊಂತಾನ್ಯೆ ಜನಾಂಗದವನೊಬ್ಬ ನಕ್ಕು ಹೇಳಿದನಂತೆ: ಬೀವರ್ ನಮಗೆ ಹಂಡೆ ಮಾಡಿಕೊಡುತ್ತದೆ, ಕೊಡಲಿ ಮಾಡಿಕೊಡುತ್ತದೆ, ರೊಟ್ಟಿಯನ್ನೂ ಮಾಡಿಕೊಡುತ್ತದೆ, ಈ ಇಂಗ್ಲಿಷರಿಗೆ ಬುದ್ಧಿಯಿಲ್ಲ, ಒಂದು ಚರ್ಮಕ್ಕೆ ಇಪ್ಪತ್ತು ಚಾಕು ಕೊಡುತ್ತಾರೆ. ಅರ್ಥಶಾಸ್ತ್ರದಲ್ಲಿ ಪದವಿಯಿಲ್ಲದವನ ಮಾತು. ತಜ್ಞರು ಇದಕ್ಕೆ ಹೆಚ್ಚು ತೂಕ ಕೊಡಬೇಕಾಗಿಲ್ಲ. ಧರ್ಮಶಾಸ್ತ್ರದವರು ನಮಗಿಂತ ಚುರುಕು. ಕೆನಡಾದ ಫ್ರೆಂಚ್ ವಸಾಹತಿನಲ್ಲಿ ಬೀವರ್ ನೀರಿನಲ್ಲಿ ವಾಸಿಸುವುದರಿಂದ ಉಪವಾಸದ ದಿನ ತಿನ್ನುವ ಮಟ್ಟಿಗೆ ಅದು ಮೀನೇ ಎಂದು ಚರ್ಚು ಒಪ್ಪಿಕೊಂಡಿತು. ಸೋಮವಾರ ಇಲಿ, ಶುಕ್ರವಾರ ಮೀನು, ಉಳಿದ ದಿನ ಹಣ: ಪ್ರಾಣಿಶಾಸ್ತ್ರದಲ್ಲಿ ಇಷ್ಟು ಉಪಯುಕ್ತವಾದ ವರ್ಗೀಕರಣ ಇನ್ನೊಂದಿಲ್ಲ.

ದಕ್ಷಿಣದಲ್ಲಿ ಡಚ್ಚರು. 1626ರ ನವೆಂಬರ್ 5ರಂದು ಪೀಟರ್ ಸ್ಕಾಹೆನ್ ಎಂಬ ಅಧಿಕಾರಿ ಆಮ್‌ಸ್ಟರ್‌ಡ್ಯಾಮಿನಿಂದ ತನ್ನ ಸರ್ಕಾರಕ್ಕೆ ಬರೆದ ಕಾಗದ ಉಳಿದುಬಂದಿದೆ. ಹಡಗು ಬಂದಿದೆ, ನಮ್ಮವರು ಕ್ಷೇಮ, ಮ್ಯಾನ್‌ಹಾಟನ್ ದ್ವೀಪವನ್ನು 60 ಗಿಲ್ಡರಿಗೆ ಕೊಂಡಿದ್ದಾರೆ. ಇಷ್ಟನ್ನು ಬೇಗಬೇಗ ಮುಗಿಸಿ ಅವನು ಮುಖ್ಯ ವಿಷಯಕ್ಕೆ ಬರುತ್ತಾನೆ: 7,246 ಬೀವರ್ ಚರ್ಮ, 178½ ನೀರುನಾಯಿ ಚರ್ಮ, ಮತ್ತೆ 675 ನೀರುನಾಯಿ, ಮಿಂಕ್, ಲಿಂಕ್ಸ್, ಹೀಗೆ ಸಾಗುತ್ತದೆ ಪಟ್ಟಿ. ದ್ವೀಪವನ್ನು ಮಾರಿದವರು ಯಾರು ಎಂದು ಹೆಸರಿಲ್ಲ, ಕಾಡುಜನ ಎಂದಿದೆ ಅಷ್ಟೆ. ಆದರೆ ಅರ್ಧ ನೀರುನಾಯಿಯ ಲೆಕ್ಕ ತಪ್ಪಿಲ್ಲ. ದಾಖಲೆ ಇಡುವುದು ಹೇಗೆಂದು ಇದರಿಂದ ಕಲಿಯಬೇಕು. ಉಳಿದರ್ಧ ನೀರುನಾಯಿ ಯಾರ ಪಾಲಾಯಿತು ಎಂಬ ಬಗ್ಗೆ ಇನ್ನೂ ಒಂದು ಪಿಎಚ್‌ಡಿ ಆಗಬೇಕಾಗಿದೆ.

ಈಗ ನಮ್ಮ ಶಾಸ್ತ್ರದ ಮೂಲಗ್ರಂಥಕ್ಕೆ ಬರೋಣ. ರಾಡಿಸನ್, ಗ್ರೊಸೆಲಿಯೆ ಎಂಬ ಇಬ್ಬರು ಫ್ರೆಂಚರು ಉತ್ತರದ ಕಾಡು ಹೊಕ್ಕು ರಾಶಿ ತುಪ್ಪಳ ತಂದರು. ಲೈಸೆನ್ಸ್ ಇಲ್ಲದೆ ಲಾಭ ತಂದ ಅಪರಾಧಕ್ಕೆ ಫ್ರೆಂಚ್ ಗವರ್ನರ್ ಮಾಲು ಜಪ್ತಿ ಮಾಡಿ ದಂಡ ಹಾಕಿದ. ಅವರು ಇಂಗ್ಲೆಂಡಿನ ಕಡೆ ಮುಖ ತಿರುಗಿಸಿದರು. 1668ರಲ್ಲಿ ನಾನ್‌ಸಚ್ ಎಂಬ ಪುಟ್ಟ ಹಡಗು ಹಡ್ಸನ್ ಕೊಲ್ಲಿಗೆ ಹೋಗಿ, ಮರುವರ್ಷ ತುಪ್ಪಳ ಹೊತ್ತು ತಿರುಗಿ ಬಂತು. 1670ರ ಮೇ 2ರಂದು ಎರಡನೆಯ ಚಾರ್ಲ್ಸ್ ದೊರೆ ಹಡ್ಸನ್ಸ್ ಬೇ ಕಂಪನಿಗೆ ಸನ್ನದು ಬರೆದುಕೊಟ್ಟ. ಹಡ್ಸನ್ ಕೊಲ್ಲಿಗೆ ನೀರು ಹರಿದು ಬರುವ ನದಿಗಳ ಇಡೀ ನೆಲ, ಯಾವುದೇ ಬೇರೆ ಕ್ರೈಸ್ತ ದೊರೆಯ ಪ್ರಜೆಗಳು ಅನುಭವದಲ್ಲಿ ಇಟ್ಟುಕೊಳ್ಳದ ಭಾಗ, ಕಂಪನಿಯದು. ಅಂದರೆ ಸುಮಾರು 39 ಲಕ್ಷ ಚದರ ಕಿಲೋಮೀಟರ್. ಇಂದಿನ ಇಡೀ ಭಾರತ ಇಟ್ಟರೂ ಮಿಗುತ್ತದೆ. ನೆಲವನ್ನು ಕೊಟ್ಟ ಚಾರ್ಲ್ಸ್ ಅದನ್ನು ನೋಡಿರಲಿಲ್ಲ. ಪಡೆದ ಕಂಪನಿಯ ಮೊದಲ ಗವರ್ನರ್, ದೊರೆಯ ದಾಯಾದಿ ರಾಜಕುಮಾರ ರೂಪರ್ಟ್. ಆ ನೆಲಕ್ಕೆ ರೂಪರ್ಟ್ಸ್ ಲ್ಯಾಂಡ್ ಎಂದು ಹೆಸರು ಬಿತ್ತು, ಅವನು ಕೊನೆಯವರೆಗೂ ಅಲ್ಲಿ ಕಾಲಿಡಲಿಲ್ಲ. ಕ್ರೀ, ಡೆನೆ, ಅಸಿನಿಬೋಯ್ನ್, ಇನ್ಯೂಟ್ ಜನ ಅಲ್ಲಿಯೇ ಇದ್ದರು, ಆದರೆ ಕ್ರೈಸ್ತ ದೊರೆಯ ಪ್ರಜೆಗಳಲ್ಲದ ಕಾರಣ ಸನ್ನದಿನ ಪ್ರಕಾರ ಇರಲಿಲ್ಲ. ಬಾಡಿಗೆಯೂ ಗೊತ್ತಾಯಿತು: ದೊರೆ ಆ ನೆಲಕ್ಕೆ ಬಂದಾಗಲೆಲ್ಲ ಎರಡು ಎಲ್ಕ್ ಕಡವೆ, ಎರಡು ಕಪ್ಪು ಬೀವರ್. ದೊರೆ ಬರದಿದ್ದರೆ ಬಾಡಿಗೆಯಿಲ್ಲ. ಚಾರ್ಲ್ಸ್ ಬರಲಿಲ್ಲ. ಅವನ ನಂತರದವರೂ ಎರಡೂವರೆ ಶತಮಾನ ಆ ಕಡೆ ತಲೆ ಹಾಕಲಿಲ್ಲ.

ಕೊಲ್ಲಿಯ ದಡದ ಕೋಠಿಗಳಲ್ಲಿ, ಯಾರ್ಕ್ ಫ್ಯಾಕ್ಟರಿಯಂಥ ಕಡೆ, ವ್ಯಾಪಾರ ನಡೆಯುತ್ತಿದ್ದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೇಸಿಗೆಯಲ್ಲಿ ಐಸು ಕರಗಿದ ಮೇಲೆ ತೊಗಟೆ ದೋಣಿಗಳ ಸಾಲು ಬರುತ್ತದೆ. ಕೋವಿ ಹಾರಿಸಿ ಸ್ವಾಗತ. ಬಂದವರ ಮುಖಂಡನಿಗೆ ಬ್ರಾಂದಿ, ಹೊಗೆಸೊಪ್ಪು. ಬಳಿಕ ಅವನಿಗೆ ವಸ್ತ್ರದಾನ: ಕೆಂಪು ಅಥವಾ ನೀಲಿ ಕೋಟು, ಅಂಚಿಗೆ ಜರಿ, ಕಾಲುಚೀಲ, ಮತ್ತು ಗರಿ ಸಿಕ್ಕಿಸಿದ ಟೋಪಿ. ಟೋಪಿ ಒರಟು ಮಾಲು. ಬೀವರ್ ತಂದವನಿಗೆ ಹೀಗೆ ಎಲ್ಲರೆದುರು, ವಾದ್ಯ ಮೆರವಣಿಗೆ ಸಮೇತ, ಟೋಪಿ ಹಾಕುವುದು ಕೋಠಿಯ ನಿತ್ಯಪದ್ಧತಿಯಾಗಿತ್ತು. ಆಮೇಲೆ ಮುಖಂಡ ಎದ್ದು ಭಾಷಣ ಮಾಡುತ್ತಾನೆ. ಕೋಠಿಯವರೇ ಬರೆದಿಟ್ಟ ಪ್ರಕಾರ ಆ ಭಾಷಣದ ತಿರುಳು ಪ್ರತಿವರ್ಷ ಒಂದೇ: ಅಳತೆ ಪೂರ್ತಿ ಕೊಡಿ, ಹೋದ ಸಲದ ಕೋವಿ ಚಳಿಗೆ ಸಿಡಿಯಿತು, ಹಂಡೆ ಹೊರಲಾರದಷ್ಟು ಭಾರ, ಒಳನಾಡಿನಲ್ಲಿ ಫ್ರೆಂಚರ ಮಾಲೂ ಸಿಗುತ್ತದೆ. ವಸ್ತ್ರದಾನದ ಉದ್ದೇಶ ಇವರಿಗೆ ಸರಿಯಾಗಿ ಅರ್ಥವಾಗಿರಲಿಲ್ಲ ಎಂದು ಕಾಣುತ್ತದೆ.

ಲೆಕ್ಕಕ್ಕೆ ಪೌಂಡು ಶಿಲ್ಲಿಂಗು ಅಲ್ಲ, ಬೀವರ್. ಒಳ್ಳೆಯ ಸ್ಥಿತಿಯ ಒಂದು ಪೂರ್ಣ ಬೀವರ್ ಚರ್ಮವೇ ನಾಣ್ಯ. ದಬ್ಬಳ, ಮದ್ದು, ಕಂಬಳಿ, ಉಳಿದ ಪ್ರಾಣಿಗಳ ಚರ್ಮ, ಎಲ್ಲಕ್ಕೂ ಇಷ್ಟು ಬೀವರ್ ಎಂದು ಲಂಡನ್ನಿನಿಂದ ದರಪಟ್ಟಿ ಬರುತ್ತಿತ್ತು. ಕೋಠಿಯ ಗುಮಾಸ್ತರು ಅದಕ್ಕಿಂತ ತುಸು ಹೆಚ್ಚು ವಸೂಲಿ ಮಾಡುತ್ತಿದ್ದರು, ಅಳತೆಯಲ್ಲಿ ತುಸು ಕಡಿಮೆ ಸುರಿಯುತ್ತಿದ್ದರು. ಆ ವ್ಯತ್ಯಾಸ ಕಳ್ಳತನವಾಗಿದ್ದರೆ ಮುಚ್ಚಿಡುತ್ತಿದ್ದರು. ಕಂಪನಿಯ ಲೆಕ್ಕದಲ್ಲಿ ಅದಕ್ಕೊಂದು ಪ್ರತ್ಯೇಕ ಶೀರ್ಷಿಕೆಯೇ ಇತ್ತು, ಆದ್ದರಿಂದ ಅದು ಕಳ್ಳತನವಲ್ಲ.

ಜನರಲ್ಲಿ ಹರಡಿರುವ ಎರಡು ಮೂಢನಂಬಿಕೆಗಳನ್ನು ಇಲ್ಲಿ ಖಂಡಿಸಬೇಕು. ನೆಟ್ಟಗೆ ನಿಲ್ಲಿಸಿದ ಕೋವಿಯ ಎತ್ತರಕ್ಕೆ ಚರ್ಮ ಪೇರಿಸಿ ಕೋವಿ ಮಾರುತ್ತಿದ್ದರು, ಹೆಚ್ಚು ಚರ್ಮ ಸಿಗಲೆಂದೇ ನಳಿಗೆ ಉದ್ದ ಮಾಡುತ್ತಿದ್ದರು ಎಂಬುದು ಕಟ್ಟುಕಥೆ, ದರ ಗೊತ್ತುಪಡಿಸಿದ್ದಾಗಿತ್ತು. ಕಂಬಳಿಯ ಅಂಚಿನಲ್ಲಿ ನೇಯ್ದ ಗೀಟುಗಳು ಅದರ ಬೆಲೆ ಎಷ್ಟು ಬೀವರ್ ಎಂದು ಹೇಳುತ್ತವೆ ಎಂಬುದೂ ಸುಳ್ಳು; ಅವು ಕಂಬಳಿಯ ಅಳತೆ. ಮೋಸ ಮಾಡಲು ಕಂಪನಿ ಇಷ್ಟು ಕಷ್ಟಪಡುವ ಅಗತ್ಯ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈಸ್ಟ್ ಮೇನ್ ಪ್ರಾಂತಕ್ಕೆಂದು ಹಿತ್ತಾಳೆ ಬಿಲ್ಲೆಗಳನ್ನು ಅಚ್ಚು ಹಾಕಿಸಿದರು: ಒಂದು ಬೀವರ್, ಅರ್ಧ, ಕಾಲು, ಅರೆಕಾಲು. ಮೇಡ್ ಬೀವರ್ ಎಂಬುದಕ್ಕೆ ಎಂ.ಬಿ. ಎಂದು ಇರಬೇಕಾದ ಕಡೆ ಅಚ್ಚಿನವನು ಎನ್.ಬಿ. ಎಂದು ಕೊರೆದ. ಬಿಲ್ಲೆಗಳು ಹಾಗೆಯೇ ಚಲಾವಣೆಯಾದವು. ಒಂದು ಪ್ರಾಣಿಯ ಎಂಟನೆಯ ಒಂದು ಭಾಗವನ್ನು ತಪ್ಪು ಕಾಗುಣಿತದಲ್ಲಿ ಹಿತ್ತಾಳೆಯ ಮೇಲೆ ಕೊರೆದು, ಅದಕ್ಕೆ ಸೂಜಿ ದಾರ ಕೊಡುವ ಮಟ್ಟಿಗೆ ನಂಬಿಕೆ ಬೆಳೆದಿತ್ತು ಎಂದರೆ ಹಣಕಾಸಿನ ವ್ಯವಸ್ಥೆ ಪಕ್ವವಾಗಿದೆ ಎಂದೇ ಅರ್ಥ.

ಈ ವ್ಯಾಪಾರದಲ್ಲಿ ಹೆಂಗಸರ ಪಾತ್ರ ಸಹಾಯಕ ಸ್ವರೂಪದ್ದು. ಚರ್ಮ ಹೆರೆದು ಹದ ಮಾಡುವುದು, ಹಿಮದ ಮೇಲೆ ನಡೆಯುವ ಪಾದುಕೆ ಹೆಣೆಯುವುದು, ಮೊಕಾಸಿನ್ ಹೊಲಿಯುವುದು, ದೋಣಿಯ ಬಿರುಕಿಗೆ ಅಂಟು ಮೆತ್ತುವುದು, ಕಾಡೆಮ್ಮೆಯ ಒಣ ಮಾಂಸ ಕುಟ್ಟಿ ಕೊಬ್ಬು ಬೆರೆಸಿ ಪೆಮಿಕನ್ ಮಾಡುವುದು, ಎರಡು ಭಾಷೆಗಳ ನಡುವೆ ಮಾತು ಕೂಡಿಸುವುದು, ದಾರಿ ತೋರಿಸುವುದು, ಹಗೆಯವರ ನಡುವೆ ರಾಜಿ ಮಾಡಿಸುವುದು. ಉಳಿದ ಕೆಲಸವನ್ನೆಲ್ಲ ಗಂಡಸರೇ ಮಾಡಿದರು. ಅಂದರೆ, ದಿನಚರಿ ಬರೆದರು. ಸಾಮ್ಯುಯೆಲ್ ಹರ್ನ್ ಎಂಬ ಕಂಪನಿಯ ನೌಕರ ಉತ್ತರದ ತಾಮ್ರದ ಗಣಿ ಹುಡುಕಲು ಎರಡು ಸಲ ಹೊರಟು ಎರಡು ಸಲವೂ ಸೋತು ಬಂದ. 1770ರಲ್ಲಿ ಮಟೊನಾಬಿ ಎಂಬ ಡೆನೆ ಮುಖಂಡ ಅವನಿಗೆ ಕಾರಣ ವಿವರಿಸಿದ: ಹೆಂಗಸರಿಲ್ಲದೆ ಹೊರಟದ್ದೇ ತಪ್ಪು, ಗಂಡಸರೆಲ್ಲ ಹೊರೆ ಹೊತ್ತರೆ ಬೇಟೆ ಆಡುವವರು ಯಾರು, ಬೇಟೆ ಸಿಕ್ಕರೆ ಅದನ್ನು ಹೊರುವವರು ಯಾರು. ಹರ್ನ್ ಮೂರನೆಯ ಸಲ ಮಟೊನಾಬಿಯ ಹೆಂಡಂದಿರ ಹಿಂದೆ ನಡೆದು ಉತ್ತರ ಸಮುದ್ರ ತಲುಪಿದ. ಭೂಪಟದಲ್ಲಿ ಶೋಧಕ ಎಂದು ಇರುವುದು ಹರ್ನ್ ಹೆಸರು, ಅದು ಸರಿಯಾದದ್ದೇ, ಏಕೆಂದರೆ ಆ ತಂಡದಲ್ಲಿ ದಾರಿ ಗೊತ್ತಿಲ್ಲದವನು ಅವನೊಬ್ಬನೇ.

ಮಾಂಟ್ರಿಯಲ್ಲಿನ ವ್ಯಾಪಾರಿಗಳು, ಮುಖ್ಯವಾಗಿ ಸ್ಕಾಟ್ಲೆಂಡಿನ ಗುಡ್ಡಗಾಡಿನ ಕಡೆಯವರು, ಕೂಡಿಕೊಂಡು ಕಟ್ಟಿದ್ದು ನಾರ್ತ್ ವೆಸ್ಟ್ ಕಂಪನಿ. ಇವರು ಕೊಲ್ಲಿಯ ದಡದಲ್ಲಿ ಕೂತು ಕಾಯುವವರಲ್ಲ. ಮಾಲನ್ನು ದೋಣಿಯಲ್ಲಿ ಹೇರಿ ಸಾವಿರಾರು ಮೈಲಿ ಒಳನಾಡಿಗೆ ಕಳಿಸುವವರು. ದೋಣಿ ಹುಟ್ಟುಹಾಕಲು ಕೆಬೆಕ್ಕಿನ ಹಳ್ಳಿಗಳ ಫ್ರೆಂಚ್ ಹುಡುಗರು. ಕುಳ್ಳಗಿದ್ದರೆ ಒಳ್ಳೆಯದು, ಕಾಲಿಗೆ ಕಡಿಮೆ ಜಾಗ ಸಾಕು, ಉಳಿದ ಜಾಗದಲ್ಲಿ ಇನ್ನೊಂದು ಮೂಟೆ ಹಿಡಿಸುತ್ತದೆ. ಮೂಟೆ ಒಂದಕ್ಕೆ 90 ಪೌಂಡು. ಜಲಪಾತ ಬಂದರೆ ದೋಣಿ, ಮಾಲು ಎರಡನ್ನೂ ಹೊತ್ತು ನಡೆಯಬೇಕು. ಹಣೆಗೆ ಪಟ್ಟಿ ಕಟ್ಟಿ ಒಬ್ಬೊಬ್ಬ ಎರಡೆರಡು ಮೂಟೆ. ದೂರವನ್ನು ಮೈಲಿಯಲ್ಲಿ ಅಲ್ಲ, ಹೊಗೆ ಸೇದಲು ಎಷ್ಟು ಸಲ ನಿಂತೆವು ಎಂಬುದರಲ್ಲಿ ಅಳೆಯುತ್ತಿದ್ದರು. ಸತ್ತವರು ಹೆಚ್ಚಾಗಿ ನೀರಿನಲ್ಲಿ ಮುಳುಗಿ ಅಥವಾ ಹರ್ನಿಯಾ ಸಿಕ್ಕಿಹಾಕಿಕೊಂಡು ಸತ್ತರು. ಹಾಡು ಚೆನ್ನಾಗಿ ಹೇಳುತ್ತಿದ್ದರು ಎಂದು ಎಲ್ಲ ಪ್ರವಾಸಿಗಳೂ ಮೆಚ್ಚಿಕೊಂಡಿದ್ದಾರೆ.

ಮಾಲೀಕರು ಈ ಶ್ರಮವನ್ನು ಮರೆಯಲಿಲ್ಲ. 1785ರಲ್ಲಿ ಮಾಂಟ್ರಿಯಲ್ಲಿನಲ್ಲಿ ಬೀವರ್ ಕ್ಲಬ್ ಸ್ಥಾಪಿಸಿದರು. ಒಳನಾಡಿನಲ್ಲಿ ಒಂದಾದರೂ ಚಳಿಗಾಲ ಕಳೆದವರಿಗೆ ಮಾತ್ರ ಪ್ರವೇಶ. ಊಟವಾಗಿ, ಮದ್ಯವಾಗಿ, ಮತ್ತೆ ಮದ್ಯವಾಗಿ, ರಾತ್ರಿ ಏರುತ್ತ ಬಂದಂತೆ ಈ ಶ್ರೀಮಂತರು ಕುರ್ಚಿ ಬಿಟ್ಟು ನೆಲದ ಜಮಖಾನೆಯ ಮೇಲೆ ಸಾಲಾಗಿ ಒಬ್ಬರ ಹಿಂದೊಬ್ಬರು ಕೂರುತ್ತಿದ್ದರು. ಒಲೆಯ ಇಕ್ಕಳ, ಊರುಗೋಲು, ಕೈಗೆ ಸಿಕ್ಕದ್ದನ್ನು ಹುಟ್ಟು ಮಾಡಿಕೊಂಡು, ದೋಣಿಯವರ ಹಾಡು ಕಿರುಚುತ್ತ ಇಲ್ಲದ ನದಿಯಲ್ಲಿ ಇಲ್ಲದ ದೋಣಿಯನ್ನು ನಡೆಸುತ್ತಿದ್ದರು. ಕಾರ್ಮಿಕರ ಕಷ್ಟವನ್ನು ಆಡಳಿತವರ್ಗ ಇಷ್ಟು ಹತ್ತಿರದಿಂದ ಅನುಭವಿಸಿದ ಉದಾಹರಣೆ ಕೈಗಾರಿಕಾ ಚರಿತ್ರೆಯಲ್ಲಿ ಅಪರೂಪ. ಈ ಪ್ರಯಾಣಗಳಲ್ಲಿ ಯಾರಿಗೂ ಹರ್ನಿಯಾ ಆಗಲಿಲ್ಲ.

ಭಾರತದ ಪಾತ್ರವೇನೂ ಇಲ್ಲವೇ ಎಂದು ದೇಶಾಭಿಮಾನಿಗಳು ಕೇಳುವುದುಂಟು. ಇದೆ. ಕ್ಯಾಪ್ಟನ್ ಕುಕ್ಕನ ನಾವಿಕರು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಕೊಂಡ ಕಡಲ ನೀರುನಾಯಿಯ ಚರ್ಮಕ್ಕೆ ಚೀನಾದಲ್ಲಿ ಕಣ್ಣು ಕುಕ್ಕುವ ಬೆಲೆ ಬಂದ ಸುದ್ದಿ ಹರಡಿದ ಮೇಲೆ, ಮದ್ರಾಸಿನಲ್ಲಿ ನೌಕರಿಯಲ್ಲಿದ್ದ ಜೇಮ್ಸ್ ಸ್ಟ್ರೇಂಜ್ ಎಂಬವನು ಮುಂಬಯಿಯಿಂದ ಎರಡು ಹಡಗು ಹೊರಡಿಸಿ 1786ರಲ್ಲಿ ಆ ಕರಾವಳಿಯ ನೂಟ್ಕಾ ತಲುಪಿದ. ಒಂದು ಹಡಗಿನ ಹೆಸರು ಕ್ಯಾಪ್ಟನ್ ಕುಕ್, ಇನ್ನೊಂದರದು ಎಕ್ಸ್‌ಪೆರಿಮೆಂಟ್. ಹೂಡಿಕೆದಾರರು ಎರಡನೆಯ ಹೆಸರನ್ನು ಗಮನಿಸಿದಂತಿಲ್ಲ. ತಿರುಗಿ ಬರುವಾಗ ಸ್ಟ್ರೇಂಜ್ ಜಾನ್ ಮೆಕೇ ಎಂಬ ವೈದ್ಯ ಸಹಾಯಕನನ್ನು ಭಾಷೆ ಕಲಿ, ಚರ್ಮ ಕೂಡಿಡು ಎಂದು ಹೇಳಿ ಮುಖಂಡ ಮಕ್ವಿನ್ನಾನ ಆಶ್ರಯದಲ್ಲಿ ಬಿಟ್ಟುಬಂದ. ಮೆಕೇ ಒಮ್ಮೆ ಮಕ್ವಿನ್ನಾನ ಕೂಸಿನ ತೊಟ್ಟಿಲನ್ನು ದಾಟಿ ಕಾಲಿಟ್ಟ. ಅದು ಅಲ್ಲಿ ನಿಷಿದ್ಧ. ಕೆಲಕಾಲಾನಂತರ ಕೂಸು ತೀರಿಕೊಂಡಿತು, ಅವನನ್ನು ಮನೆಯಿಂದ ಹೊರಹಾಕಿದರು. ಮರುವರ್ಷ ಬೇರೊಂದು ಹಡಗು ಬಂದು ಅವನನ್ನು ಎತ್ತಿಕೊಂಡಿತು. ವ್ಯಾಪಾರ ನಷ್ಟ. ಒಟ್ಟಿನಲ್ಲಿ ಭಾರತದ ಕೊಡುಗೆ ಸಂಶೋಧನಾತ್ಮಕವಾದದ್ದು.

ಹಡ್ಸನ್ಸ್ ಬೇ, ನಾರ್ತ್ ವೆಸ್ಟ್ ಎರಡು ಕಂಪನಿಗಳೂ ಒಂದೇ ಕಾಡಿನಲ್ಲಿ ಎದುರುಬದುರು ಕೋಠಿ ಕಟ್ಟಿ, ಬ್ರಾಂದಿ ಹೊಳೆ ಹರಿಸಿ, ಪೆಮಿಕನ್ ಮೂಟೆಗಳ ಸಲುವಾಗಿ ಗುಂಡು ಹಾರಿಸಿ, 1816ರಲ್ಲಿ ಸೆವೆನ್ ಓಕ್ಸ್ ಎಂಬಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತ ಮೇಲೆ, 1821ರಲ್ಲಿ ಒಂದಾದವು. ಇದಕ್ಕೆ ವಿಲೀನ ಎನ್ನುತ್ತಾರೆ.

ವಿಲೀನದ ನಂತರ ಬಂದ ಜಾರ್ಜ್ ಸಿಂಪ್ಸನ್ ನಮ್ಮ ಶಾಸ್ತ್ರದ ಪಾಣಿನಿ. ಸುಮಾರು ನಾಲ್ಕು ದಶಕ ಆಳಿದ ಈ ಗವರ್ನರ್, ಕೋಠಿಗಳ ತಪಾಸಣೆಗೆ ದೋಣಿಯಲ್ಲಿ ಹೋಗುವಾಗ ಬ್ಯಾಗ್‌ಪೈಪ್ ಊದುವವನನ್ನು ಜೊತೆಗಿಟ್ಟುಕೊಳ್ಳುತ್ತಿದ್ದ. 1832ರಲ್ಲಿ ಕೈಕೆಳಗಿನವರ ಗುಣಾವಗುಣಗಳನ್ನು ಒಂದು ಗುಪ್ತ ಪುಸ್ತಕದಲ್ಲಿ ಬರೆದಿಟ್ಟ. ಹೆಸರಿನ ಬದಲು ಸಂಖ್ಯೆ, ಯಾವ ಸಂಖ್ಯೆ ಯಾರು ಎಂಬುದಕ್ಕೆ ಬೇರೆ ಚೀಟಿ. ಯಾರ ಕುಡಿತ ಎಷ್ಟು, ಯಾರ ದಡ್ಡತನ ಎಷ್ಟು ಎಂಬುದೆಲ್ಲ ಅದರಲ್ಲಿದೆ. ಆದರೆ ಅವನ ನಿಜವಾದ ಸಿದ್ಧಿ ಬೀವರ್ ನೀತಿಯಲ್ಲಿ. ಉತ್ತರದಲ್ಲಿ ಬೀವರ್ ತೀರಿಹೋಗುತ್ತಿದ್ದುದರಿಂದ ಕೋಠಿಗೆ ಇಷ್ಟೇ ಚರ್ಮ ಎಂದು ಮಿತಿ ಹಾಕಿ ಸಂರಕ್ಷಣೆಗೆ ಹೊರಟ. ಅದೇ ವರ್ಷಗಳಲ್ಲಿ ದಕ್ಷಿಣದಲ್ಲಿ, ಸ್ನೇಕ್ ನದಿಯ ಸೀಮೆಯಲ್ಲಿ, ಒಂದು ಬೀವರನ್ನೂ ಉಳಿಸಬೇಡಿ ಎಂದು ಪೀಟರ್ ಸ್ಕೀನ್ ಆಗ್ಡನ್ನನ ತಂಡಗಳನ್ನು ಕಳಿಸಿದ. ಅಮೆರಿಕನ್ನರು ಬೀವರ್ ಹುಡುಕಿಕೊಂಡು ಬರುತ್ತಾರೆ. ಬೀವರ್ ಇಲ್ಲದಿದ್ದರೆ ಬರುವುದಿಲ್ಲ. ನಡುವೆ ಒಂದು ಬೀವರ್ ಮರುಭೂಮಿ ಇದ್ದರೆ ಆರೆಗನ್ ನಮ್ಮದಾಗಿಯೇ ಉಳಿಯುತ್ತದೆ. ಸಂರಕ್ಷಣೆ, ನಿರ್ಮೂಲನ ಎರಡೂ ಒಂದೇ ಮೇಜಿನಿಂದ, ಒಂದೇ ಶಾಯಿಯಲ್ಲಿ. ತೊರೆಯಿಂದ ತೊರೆಗೆ ಹೋಗಿ ಬೋನು ಇಟ್ಟು ಕೆಲಸ ಚೊಕ್ಕವಾಗಿ ಮುಗಿಸಿದರು. 1840ರ ದಶಕದಲ್ಲಿ ಅಮೆರಿಕನ್ನರು ಬಂದರು, ಸಾವಿರಗಟ್ಟಲೆ. ಬೀವರ್ ಹುಡುಕಿಕೊಂಡು ಅಲ್ಲ, ಜಮೀನು ಹುಡುಕಿಕೊಂಡು, ಎತ್ತಿನ ಗಾಡಿಗಳಲ್ಲಿ. 1846ರ ಒಪ್ಪಂದದಲ್ಲಿ ಆರೆಗನ್ ಅವರದಾಯಿತು. ಸಿಂಪ್ಸನ್ನನ ಯೋಜನೆಯಲ್ಲಿ ಯಾವ ದೋಷವೂ ಇರಲಿಲ್ಲ. ಅದರಲ್ಲಿ ಎತ್ತಿನ ಪ್ರಸ್ತಾಪ ಬಂದಿರಲಿಲ್ಲ, ಅಷ್ಟೆ.

ಗಡಿಯ ಆಚೆ ಅಮೆರಿಕದಲ್ಲಿ ಪರ್ವತ ಸೀಮೆಯ ಬೇಟೆಗಾರರ ಪುರಾಣ ಬಹಳ ಇದೆ. 1823ರಲ್ಲಿ ಕರಡಿ ಸೀಳಿದ ಹ್ಯೂ ಗ್ಲಾಸ್ ಸಾಯದೆ ತೆವಳಿಕೊಂಡು ಬಂದ, ಇತ್ಯಾದಿ. ಇವು ಸಿನಿಮಾದವರಿಗೆ ಬಿಟ್ಟ ವಿಷಯ. ವಿದ್ಯಾರ್ಥಿಗಳು ಓದಬೇಕಾದದ್ದು ಜಾನ್ ಜೇಕಬ್ ಆಸ್ಟರನ ಚರಿತ್ರೆಯನ್ನು. ಜರ್ಮನಿಯ ವಾಲ್‌ಡಾರ್ಫಿನಿಂದ ಬಂದ ಈತ 1808ರಲ್ಲಿ ಅಮೆರಿಕನ್ ಫರ್ ಕಂಪನಿ ಕಟ್ಟಿ, ಬಂದ ಹಣವನ್ನು ಮ್ಯಾನ್‌ಹಾಟನ್ನಿನ ನಿವೇಶನಗಳಲ್ಲಿ ಹೂಡಿ, 1834ರಲ್ಲಿ ತುಪ್ಪಳದ ವ್ಯಾಪಾರದಿಂದ ಕೈತೊಳೆದುಕೊಂಡು, 1848ರಲ್ಲಿ ಸಾಯುವಾಗ ಅಮೆರಿಕದ ಅತಿ ದೊಡ್ಡ ಶ್ರೀಮಂತನಾಗಿದ್ದ. ನ್ಯೂಯಾರ್ಕಿನ ಆಸ್ಟರ್ ಪ್ಲೇಸ್ ಸುರಂಗ ರೈಲು ನಿಲ್ದಾಣದ ಗೋಡೆಯಲ್ಲಿ ಇಂದಿಗೂ ಬೀವರ್ ಬಿಲ್ಲೆಗಳಿವೆ; ಮರ ಕಡಿಯುತ್ತ ಕೂತಿವೆ.

ಆ ಕಂಪನಿಯ ಹೆಸರಿನಲ್ಲಿ ಮಿಸೌರಿ ನದಿಯಲ್ಲಿ ಓಡಾಡುತ್ತಿದ್ದ ಸೇಂಟ್ ಪೀಟರ್ಸ್ ಎಂಬ ಉಗಿದೋಣಿ 1837ರ ಜೂನ್‌ನಲ್ಲಿ ಮಾಲಿನ ಜೊತೆ ಸಿಡುಬನ್ನೂ ಫೋರ್ಟ್ ಕ್ಲಾರ್ಕಿಗೆ ತಂದಿತು. ಅಲ್ಲಿನ ಕೋಠಿಯ ಮೇಲ್ವಿಚಾರಕ ಫ್ರಾನ್ಸಿಸ್ ಶಾರ್ಡನ್ ದಿನಚರಿ ಇಡುತ್ತಿದ್ದ. ಕೋಠಿಯ ತುಂಬ ಇಲಿ. ಅವು ಮೆಕ್ಕೆಜೋಳ ತಿನ್ನುತ್ತಿದ್ದವು. ಶಾರ್ಡನ್ ಪ್ರತಿ ತಿಂಗಳ ಕೊನೆಗೆ ಎಷ್ಟು ಇಲಿ ಕೊಂದೆವು ಎಂದು ತಪ್ಪದೆ ಲೆಕ್ಕ ಬರೆಯುತ್ತಿದ್ದ. ಆ ಬೇಸಿಗೆಯಲ್ಲಿ ಪಕ್ಕದ ಮಂಡನ್ ಜನಾಂಗದ ಊರಿನಲ್ಲಿ ಸತ್ತವರನ್ನೂ ಎಣಿಸಲು ಶುರುಮಾಡಿದ. ಆಮೇಲೆ, ಸಾಯುವ ವೇಗಕ್ಕೆ ಲೆಕ್ಕ ಇಡುವುದು ಅಸಾಧ್ಯವೆಂದು ಬರೆದು ಬಿಟ್ಟುಬಿಟ್ಟ. ಸುಮಾರು 1,600 ಇದ್ದ ಮಂಡನ್ನರಲ್ಲಿ ಉಳಿದವರು ನೂರೈವತ್ತರ ಒಳಗೆ. ಶಾರ್ಡನ್ನನ ಪುಟ್ಟ ಮಗನೂ ಹೋದ.

ಇಲಿಗಳ ಲೆಕ್ಕ ಪೂರ್ತಿ ಲಭ್ಯವಿದೆ.

ಬೀವರ್ ಉಳಿದುಕೊಂಡದ್ದು ಕಾನೂನಿನಿಂದಲೂ ಅಲ್ಲ, ಕರುಣೆಯಿಂದಲೂ ಅಲ್ಲ. 1830ರ ದಶಕದ ಹೊತ್ತಿಗೆ ಯುರೋಪಿನ ಗಂಡಸರು ರೇಷ್ಮೆಯ ಟೋಪಿ ಚೆಂದ ಎಂದು ತೀರ್ಮಾನಿಸಿದರು. ಬೀವರ್ ಚರ್ಮದ ಬೆಲೆ ಬಿತ್ತು. ಎರಡು ಶತಮಾನ ಯುದ್ಧ, ರೋಗ, ಬ್ರಾಂದಿ, ಭೂಪಟಗಳಿಗೆ ಕಾರಣವಾದ ತುರ್ತು ಅಗತ್ಯವೊಂದು ಹೀಗೆ ಹಳೆ ಫ್ಯಾಷನ್ ಆಯಿತು. ಅಗತ್ಯ ಎಂಬುದರ ವ್ಯಾಖ್ಯೆಯನ್ನು ಪಠ್ಯಪುಸ್ತಕದಲ್ಲಿ ತಿದ್ದುವ ಕಾರಣವೇನೂ ನನಗೆ ಕಾಣುವುದಿಲ್ಲ.

1870ರಲ್ಲಿ ಹಡ್ಸನ್ಸ್ ಬೇ ಕಂಪನಿಯ ರೂಪರ್ಟ್ಸ್ ಲ್ಯಾಂಡ್ ಕೆನಡಾ ಸರ್ಕಾರದ ಕೈಸೇರಿತು, ಬೆಲೆ 3 ಲಕ್ಷ ಪೌಂಡ್. ಫಲವತ್ತಾದ ಸೀಮೆಯ ಇಪ್ಪತ್ತನೆಯ ಒಂದು ಭಾಗವನ್ನು, ಕೋಠಿಗಳ ಸುತ್ತಲಿನ ನೆಲವನ್ನು ಕಂಪನಿ ತನಗೇ ಇಟ್ಟುಕೊಂಡಿತು. ವ್ಯಾಪಾರದ ಮಕ್ಕಳೇ ಆದ ಮೆಟೀ ಜನ, ಫ್ರೆಂಚ್ ದೋಣಿಗಾರರ ಮತ್ತು ಕ್ರೀ, ಒಜಿಬ್ವೆ ತಾಯಂದಿರ ಸಂತಾನ, ನಮ್ಮನ್ನು ಕೇಳದೆ ನಮ್ಮ ನೆಲ ಹೇಗೆ ಮಾರಿದಿರಿ ಎಂದು ಲೂಯಿ ರಿಯಲ್ಲನ ಮುಂದಾಳತ್ವದಲ್ಲಿ ಎದ್ದು ನಿಂತರು. ಪ್ರಶ್ನೆಗೆ ಸೈನ್ಯ ಉತ್ತರ ಕೊಟ್ಟಿತು. 1885ರಲ್ಲಿ, ಎರಡನೆಯ ಸಲ ಕೇಳಿದಾಗ, ರಿಯಲ್ಲನನ್ನು ಗಲ್ಲಿಗೇರಿಸಿದರು.

ಬಾಡಿಗೆಯ ವಿಷಯ ಬಾಕಿ ಇದೆ. ರಾಜಮನೆತನದವರು ಕೊನೆಗೂ ಆ ಕಡೆ ಬರತೊಡಗಿದರು. 1927, 1939, 1959, 1970 ಹೀಗೆ ನಾಲ್ಕು ಸಲ ಕಂಪನಿ ಸನ್ನದಿನಂತೆ ಬಾಡಿಗೆ ಒಪ್ಪಿಸಿತು. ನೆಲ ಮಾರಿ ನೂರು ವರ್ಷವಾದ ಮೇಲೂ ಬಾಡಿಗೆ ಕಟ್ಟಿದ ಪ್ರಾಮಾಣಿಕತೆ ಇನ್ನೆಲ್ಲಿ ಸಿಗುತ್ತದೆ? 1970ರಲ್ಲಿ ಎಲಿಜಬೆತ್ ರಾಣಿಗೆ ಜೀವಂತ ಬೀವರ್ ಜೋಡಿಯನ್ನೇ ಒಪ್ಪಿಸಿದರು. ಸಮಾರಂಭದ ಮಧ್ಯೆ ಅವು ತೊಟ್ಟಿಯಲ್ಲಿ ಏನೋ ಕಲಾಪ ಶುರುಮಾಡಿದವು. ಏನು ಮಾಡುತ್ತಿವೆ ಎಂದು ರಾಣಿ ಕೇಳಿದರೆ, ಕಂಪನಿಯ ಗವರ್ನರ್ ವೈಕೌಂಟ್ ಅಮೊರಿ, ನಾನು ಮದುವೆಯಾಗದವನು, ನನ್ನನ್ನು ಕೇಳಿ ಉಪಯೋಗವಿಲ್ಲ ಎಂದರಂತೆ. ಮುನ್ನೂರು ವರ್ಷ ಬೀವರ್ ಮಾರಿದ ಸಂಸ್ಥೆಯ ಮುಖ್ಯಸ್ಥರು ಕ್ಷೇತ್ರಜ್ಞಾನದಿಂದ ಇಷ್ಟು ಅಂತರ ಕಾಯ್ದುಕೊಂಡಿದ್ದರು ಎಂಬುದು ರೂಪರ್ಟನ ಆತ್ಮಕ್ಕೆ ಶಾಂತಿ ಕೊಡುವ ಸಂಗತಿ.

ಬರಬರುತ್ತ ಕಂಪನಿ ಬಟ್ಟೆಬರೆ, ಪಾತ್ರೆಪಗಡೆ, ಸುಗಂಧದ್ರವ್ಯ ಮಾರುವ ದೊಡ್ಡ ಮಳಿಗೆಗಳ ಸರಣಿಯಾಗಿ, ಸಾಲದಲ್ಲಿ ಮುಳುಗಿ, 2025ರ ಜೂನ್ 1ರಂದು ಕೊನೆಯ ಅಂಗಡಿಗಳನ್ನೂ ಮುಚ್ಚಿತು. ಅದರ ಹೆಸರು, ಮುದ್ರೆ, ಕಂಬಳಿಯ ಮೇಲಿನ ಹಸಿರು, ಕೆಂಪು, ಹಳದಿ, ನೀಲಿ ಪಟ್ಟೆಗಳ ಹಕ್ಕನ್ನು ಕೆನಡಿಯನ್ ಟೈರ್ ಎಂಬ ಅಂಗಡಿ ಸರಣಿ 3 ಕೋಟಿ ಕೆನಡಾ ಡಾಲರಿಗೆ ಕೊಂಡಿತು. ಭಾರತಕ್ಕಿಂತ ದೊಡ್ಡ ನೆಲಕ್ಕೆ 3 ಲಕ್ಷ ಪೌಂಡ್, ನಾಲ್ಕು ಪಟ್ಟೆಗೆ 3 ಕೋಟಿ ಡಾಲರ್. ನಡುವಿನ ನೂರೈವತ್ತು ವರ್ಷದ ಹಣದುಬ್ಬರ ಕಳೆಯಬೇಕು ಎಂದು ಅಡ್ಡಮಾತು ಆಡುವವರಿದ್ದಾರೆ, ಬೇಕಾದರೆ ಕಳೆದುಕೊಳ್ಳಲಿ. ಬೆಲೆ ಕಟ್ಟುವಾಗ ತಜ್ಞರು ನೋಡುವುದು ಬೇರೆಯದನ್ನು: ಪಟ್ಟೆಗಳ ಮೇಲೆ ಯಾರೂ ವಾಸವಾಗಿರಲಿಲ್ಲ.